ಬಟ್ಟಂಬಾಂಗ್‌ನ ಹಳೆಯ ಖ್ಮೇರ್ ಮರದ ಮನೆ: ಆಂಕೋರ್ ನೋಡಿದ ಮೇಲೂ ಅಲ್ಲಿಗೆ ಹೋಗಬೇಕೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರಿನಲ್ಲಿ ನಾನು, ನನ್ನ ಪತ್ನಿ, ವಾಸ್ತುಶಿಲ್ಪ ಓದುತ್ತಿರುವ ಮಗಳು ಮತ್ತು ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ಕಾಂಬೋಡಿಯಾಕ್ಕೆ ಹೊರಟಿದ್ದೇವೆ. ಸಿಯೆಮ್ ರೀಪ್‌ನಲ್ಲಿ ಉಳಿದುಕೊಂಡು ಆಂಕೋರ್ ವಾಟ್, ಬಯೋನ್, ಬಾಂತಿಯಾಯ್ ಸ್ರೇಯ್ ಮೊದಲಾದ ದೇವಾಲಯಗಳನ್ನು ನೋಡುವುದೆಂದು ನಿಶ್ಚಯವಾಗಿದೆ. ಅಷ್ಟರಲ್ಲಿ ಮಗಳು ಬಟ್ಟಂಬಾಂಗ್ ಎಂಬ ಪಟ್ಟಣದ ಬಳಿ ಖ್ಮೇರರ, ಅಂದರೆ ಆ ದೇಶದ ಬಹುಸಂಖ್ಯಾತ ಜನಾಂಗದವರ, ನೂರು ವರ್ಷ ಹಳೆಯ ಮನೆಗಳು ಉಳಿದಿವೆಯೆಂದೂ, ಮನೆಯವರೇ ಅವನ್ನು ತೋರಿಸುತ್ತಾರೆಂದೂ ಎಲ್ಲಿಯೋ ಓದಿ, ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾಳೆ. ಸಿಯೆಮ್ ರೀಪ್‌ನಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 170 ಕಿಲೋಮೀಟರ್. ಹೋಗಿ ಬರುವುದಕ್ಕೆ ಒಂದು ಇಡೀ ದಿನ ಬೇಕು, ಒಂದು ರಾತ್ರಿ ಅಲ್ಲಿಯೇ ತಂಗಿದರೆ ಇನ್ನೂ ಒಳ್ಳೆಯದು ಎಂದು ತೋರುತ್ತದೆ. ಜಗತ್ತಿಗೇ ಹೆಸರಾದ ಕಲ್ಲಿನ ದೇವಾಲಯಗಳಿಗೆ ಮೀಸಲಿಟ್ಟ ದಿನಗಳಲ್ಲಿ ಒಂದೆರಡನ್ನು ಕಡಿಮೆ ಮಾಡಿ ಒಂದು ಮರದ ಮನೆಗಾಗಿ ಅಷ್ಟು ದೂರ ಹೋಗುವುದು ಉಚಿತವೇ? ನೋಡಿ ಬಂದವರು, ಆ ವಿಷಯ ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಸಿಂಗಪುರದಿಂದ

ತುಂಗಾತೀರ ಅವರೇ, ಹೋಗಿ ಬನ್ನಿ ಎಂಬುದೇ ನನ್ನ ಉತ್ತರ. ಏಕೆಂಬುದನ್ನು ಮಾತ್ರ ಸ್ವಲ್ಪ ದೀರ್ಘವಾಗಿ ಹೇಳಬೇಕಾಗುತ್ತದೆ.

ನಿಮ್ಮ ಮಗಳು ಓದಿರುವುದು ವಾಟ್ ಕೋರ್ ಎಂಬ ಊರಿನ ಬಗ್ಗೆ ಇರಬೇಕು. ಅದು ಬಟ್ಟಂಬಾಂಗ್ ಪಟ್ಟಣದ ದಕ್ಷಿಣಕ್ಕೆ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಸಂಗ್‌ಕೇ ನದಿಯ ದಂಡೆಯ ಮೇಲಿದೆ. ನದಿಯ ಗುಂಟ ಸಾಗುವ ರಸ್ತೆಯಲ್ಲಿ ಹಣ್ಣಿನ ಗಿಡಗಳ ನೆರಳಿನ ನಡುವೆ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಟ್ಟಿದ ಹಲವು ಮರದ ಮನೆಗಳು ಇಂದಿಗೂ ನಿಂತಿವೆ. ಅವುಗಳಲ್ಲಿ 1907ರದೆಂದು ಹೇಳುವ ಒಂದು ಮನೆಯೂ 1920ರ ಇನ್ನೊಂದು ಮನೆಯೂ ಪ್ರವಾಸಿಗರಿಗೆ ತೆರೆದಿವೆ. 1907 ಎಂಬ ವರ್ಷಕ್ಕೆ ಆ ಪ್ರಾಂತದಲ್ಲಿ ವಿಶೇಷ ಅರ್ಥವಿದೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಸಯಾಮಿನ (ಇಂದಿನ ಥಾಯ್ಲೆಂಡಿನ) ವಶದಲ್ಲಿದ್ದ ಬಟ್ಟಂಬಾಂಗ್ ಮತ್ತು ಸಿಯೆಮ್ ರೀಪ್ ಪ್ರಾಂತಗಳು ಆ ವರ್ಷದ ಮಾರ್ಚ್ ತಿಂಗಳ ಒಪ್ಪಂದದ ಮೂಲಕ ಫ್ರೆಂಚರ ಆಶ್ರಯದಲ್ಲಿದ್ದ ಕಾಂಬೋಡಿಯಾಕ್ಕೆ ಮರಳಿದವು. ಸಯಾಮಿನ ಕಡೆಯ ಕೊನೆಯ ಗವರ್ನರನಿಗಾಗಿ ಕಟ್ಟಿದ ಐರೋಪ್ಯ ಶೈಲಿಯ ಭವನವು ಪಟ್ಟಣದಲ್ಲಿ ಇನ್ನೂ ಇದೆ. ಅದನ್ನೂ ಈ ಮನೆಗಳನ್ನೂ ಒಂದೇ ದಿನ ನೋಡಿದರೆ, ಅಧಿಕಾರ ಬದಲಾಗುತ್ತಿದ್ದ ಕಾಲದಲ್ಲಿ ಅಲ್ಲಿನ ಸ್ಥಿತಿವಂತ ಖ್ಮೇರ್ ಕುಟುಂಬಗಳು ತಮ್ಮದೇ ಕಟ್ಟುವ ರೀತಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದವು ಎಂಬುದು ತಾನಾಗಿಯೇ ಕಾಣುತ್ತದೆ.

ಮನೆ ನೆಲದಿಂದ ಆಳೆತ್ತರಕ್ಕೂ ಮೇಲೆ ಕಂಬಗಳ ಮೇಲೆ ನಿಂತಿರುತ್ತದೆ. ಮೆಟ್ಟಿಲ ಬುಡದಲ್ಲಿ ಪಾದರಕ್ಷೆ ಬಿಟ್ಟು ಮೇಲೇರಿದರೆ ಮೊದಲು ಸಿಗುವುದು ಉದ್ದನೆಯ ಜಗಲಿ. ಅದರಿಂದ ಒಂದು ಹೊಸ್ತಿಲು ದಾಟಿ ಒಳಗೆ ಹೋದರೆ ಅತಿಥಿಗಳನ್ನು ಕೂರಿಸುವ ವಿಶಾಲವಾದ ಅಂಕಣ. ಅಗಲವಾದ ಹಲಗೆಗಳ ನೆಲವು ಮೂರು ನಾಲ್ಕು ತಲೆಮಾರುಗಳ ಬರಿಗಾಲಿನ ಓಡಾಟದಿಂದಲೇ ಹೊಳಪು ಪಡೆದಿದೆ. ಗೋಡೆಯ ಮೇಲೆ ಹಿರಿಯರ ಭಾವಚಿತ್ರಗಳು, ಒಂದು ಬದಿಯಲ್ಲಿ ಬುದ್ಧನ ಪೀಠ, ಅದರ ಮುಂದೆ ಊದುಬತ್ತಿ. ಹಿಂದಿನ ಭಾಗದಲ್ಲಿ ಹೆಣ್ಣುಮಕ್ಕಳ ಕೋಣೆಗಳು, ಅದರ ಆಚೆಗೆ ಪ್ರತ್ಯೇಕ ಮಾಡಿನ ಅಡುಗೆಮನೆ. ಕೆಳಗೆ, ಕಂಬಗಳ ನಡುವಿನ ನೆರಳಿನಲ್ಲಿ, ಹಗಲು ಹೊತ್ತಿನ ಬದುಕೆಲ್ಲ ನಡೆಯುತ್ತದೆ. ಕೂರಲು ಮಲಗಲು ಮರದ ಮಂಚ, ಮಕ್ಕಳಿಗೆ ಜೋಲಿ, ಮಳೆನೀರು ತುಂಬಿಡುವ ದೊಡ್ಡ ಗುಡಾಣಗಳು, ಹಳೆಯ ನೇಗಿಲು, ಗಾಡಿಯ ಭಾಗಗಳು. ನಾನು ಹೋದಾಗ ಮನೆಯ ಹಿರಿಯರು ನಮ್ಮನ್ನು ಮೊದಲು ಕೆಳಗಿನ ಮಂಚದ ಮೇಲೆ ಕೂರಿಸಿ, ನೀರು ಕೊಟ್ಟು, ಊರು ಯಾವುದು, ಮಕ್ಕಳೆಷ್ಟು ಎಂದು ವಿಚಾರಿಸಿದ ಮೇಲೆಯೇ ಮನೆ ತೋರಿಸಲು ಎದ್ದರು. ಹೀಗೆ ಅತಿಥಿಯನ್ನು ಕೆಳಗೆ ಕೂರಿಸಿ ಮಾತನಾಡಿಸಿದ ಮೇಲೆ ಮೇಲಕ್ಕೆ ಕರೆಯುವುದೇ ಆ ಮನೆಯ ಕ್ರಮವೆಂದು ನನಗೆ ಅರ್ಥವಾಯಿತು.

ತೊಲೆಕಂಬ

ನಾನು ಕಟ್ಟಡ ನಿರ್ಮಾಣದ ಪಾಠ ಹೇಳುವವನು. ಮಗಳು ವಾಸ್ತುಶಿಲ್ಪ ಓದುತ್ತಿದ್ದಾಳೆಂದು ತಿಳಿದು ಸಂತೋಷವಾಯಿತು. ಆಕೆಗಾಗಿ ಸ್ವಲ್ಪ ಹೆಚ್ಚಿನ ವಿವರ ಬರೆಯುತ್ತಿದ್ದೇನೆ, ಉಳಿದವರು ಸಹನೆಯಿಂದ ಓದಬೇಕು.

ಖ್ಮೇರ್ ಮನೆಯಲ್ಲಿ ಭಾರ ಹೊರುವುದು ಕಂಬ, ಗೋಡೆಯಲ್ಲ. ಮಾಡಿನ ತೂಕವೆಲ್ಲ ಸಾಲುಸಾಲಾಗಿ ನಿಂತ ಕಂಬಗಳ ಮೇಲೆ ಇಳಿಯುವುದರಿಂದ, ಗೋಡೆಯು ಮರೆ ಮಾಡುವ ಕೆಲಸವನ್ನಷ್ಟೇ ಮಾಡುತ್ತದೆ. ಆದ್ದರಿಂದಲೇ ಸ್ಥಿತಿವಂತರು ಹಲಗೆಯ ಗೋಡೆ ಹಾಕಿಸಿದರೆ, ಬಡವರು ಅದೇ ಚೌಕಟ್ಟಿಗೆ ಬಿದಿರಿನ ತಟ್ಟಿಯನ್ನೋ ತಾಳೆಗರಿಯನ್ನೋ ಕಟ್ಟಿಕೊಳ್ಳುತ್ತಿದ್ದರು. ಮನೆಯ ಅಳತೆಯನ್ನು ಹೇಳುವುದೂ ಕಂಬಗಳ ಸಾಲಿನ ನಡುವಿನ ಅಂಕಣಗಳ ಲೆಕ್ಕದಲ್ಲಿ. ಕಂಬದ ಬುಡವನ್ನು ಕಲ್ಲಿನ ಅಥವಾ ಈಚೆಗೆ ಕಾಂಕ್ರೀಟಿನ ಪೀಠದ ಮೇಲೆ ಕೂರಿಸಿರುವುದನ್ನು ಅಲ್ಲಿ ಗಮನಿಸಬಹುದು. ಗೆದ್ದಲು ಮತ್ತು ನೆಲದ ತೇವ ಮರಕ್ಕೆ ಏರದಂತೆ ಮಾಡಿದ ಏರ್ಪಾಡು ಅದು.

ಗಾಳಿಯ ವಿಚಾರ ಇನ್ನೂ ಸ್ವಾರಸ್ಯಕರವಾಗಿದೆ. ಕೆಳಗಿನ ನೆರಳಿನಲ್ಲಿ ತಂಪಾದ ಗಾಳಿ ನೆಲದ ಹಲಗೆಗಳ ಸಂದಿನಿಂದ ಮೇಲೇರುತ್ತದೆ, ಕಡಿದಾದ ಮಾಡಿನೊಳಗಿನ ಎತ್ತರದ ಅವಕಾಶಕ್ಕೆ ಬಿಸಿಗಾಳಿ ಏರಿ, ಬಾಗಿಲು ಕಿಟಕಿಗಳ ಮೇಲೆ ಕೊರೆದ ಜಾಲರಿ ಹಲಗೆಗಳ ಮೂಲಕ ಹೊರಹೋಗುತ್ತದೆ. ಅಡುಗೆಮನೆಯ ಭಾಗದಲ್ಲಿ ನೆಲಕ್ಕೆ ಹೆಚ್ಚಾಗಿ ಸೀಳಿದ ಬಿದಿರನ್ನು ಹಾಸಿರುತ್ತಾರೆ, ತೊಳೆದ ನೀರು ನೇರವಾಗಿ ಕೆಳಗೆ ಸೋರಿಹೋಗಲೆಂದು. ನೆಲದ ಮಟ್ಟವೂ ಒಂದೇ ಸಮನಾಗಿರುವುದಿಲ್ಲ. ಜಗಲಿಯಿಂದ ಒಳಗಿನ ಅಂಕಣಕ್ಕೆ ಒಂದು ಗೇಣಿನಷ್ಟಾದರೂ ಏರಿರುತ್ತದೆ. ಯಾರು ಎಲ್ಲಿ ಕೂರಬೇಕು ಎಂಬುದನ್ನು ಆ ಏರಿಳಿತವೇ ಹೇಳುತ್ತದೆ.

ಮಾಡಿನ ಆಕಾರದ ಮೇಲೆ ಮನೆಗಳಿಗೆ ಬೇರೆ ಬೇರೆ ಹೆಸರುಗಳಿವೆ. ಎರಡು ಇಳಿಜಾರಿನ ಸರಳವಾದದ್ದು ‘ರೋಂಗ್’. ನಾಲ್ಕೂ ಕಡೆಗೆ ಇಳಿಯುವ ಮಾಡಿನದು ‘ಕನ್ತೈಂಗ್’. ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕೆಂಬ ನಿಯಮವಿದೆ, ಮಗಳು ಎಣಿಸಿ ನೋಡಲಿ. ಕಂಬಗಳಿಗೆ ಕೋಕಿ ಎಂಬ ಮರವನ್ನು ಬಳಸುತ್ತಿದ್ದರು. ನೀರಿನಲ್ಲಿ ಬೇಗ ಕೊಳೆಯದ ಗುಣದಿಂದಾಗಿ ದೋಣಿಗಳಿಗೂ ಅದೇ ಮರ. ಹಲಗೆಗಳಿಗೆ ಬಳಸುವ ಥ್ನೊಂಗ್ ಎಂಬ ಮರವು ನಮ್ಮ ಹೊನ್ನೆಯ ಕುಲದ್ದೇ ಆದ್ದರಿಂದ, ಆ ಕೆಂಪು ಹೊನ್ನಿನ ಬಣ್ಣ ಮಲೆನಾಡಿನವರ ಕಣ್ಣಿಗೆ ಹೊಸದೆನಿಸುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಲಾರೆ. ಮನೆ ಕಟ್ಟುವ ಮೊದಲು ಅಲ್ಲಿ ‘ಆಚಾರ್’ ಎಂದು ಕರೆಯುವ ಹಿರಿಯರು ದಿನ ನೋಡಿ, ‘ಕ್ರೊಂಗ್ ಪಾಲಿ’ ಎಂಬ ಭೂಮಿಯ ಒಡೆಯನಿಗೆ ನೈವೇದ್ಯವಿಟ್ಟು ಅಪ್ಪಣೆ ಕೇಳುತ್ತಾರೆ. ವಾಮನನಿಗೆ ಭೂಮಿಯನ್ನು ಬಿಟ್ಟುಕೊಟ್ಟ ಬಲಿ ಚಕ್ರವರ್ತಿಯೇ ಈ ಒಡೆಯ. ದೀಪಾವಳಿಯಲ್ಲಿ ಬಲೀಂದ್ರನನ್ನು ಕೂಗಿ ಕರೆಯುವ ನಮ್ಮವರು ಆ ಮನೆಯ ಕಂಬದ ಮುಂದೆ ನಿಂತಾಗ ಇದನ್ನು ನೆನೆಯಬೇಕೆಂದು ನನಗೆ ಅನಿಸುತ್ತದೆ. ಮಾಡಿನ ನಡುತೊಲೆಯ ಬಳಿ ಮಂತ್ರಾಕ್ಷರಗಳನ್ನು ಬರೆದ ಬಟ್ಟೆಯ ತುಂಡೊಂದು ತೂಗುತ್ತಿದ್ದರೆ, ಅದು ಮನೆಯ ರಕ್ಷೆಗಾಗಿ ಕಟ್ಟಿದ ಯಂತ್ರ. ಅದನ್ನು ಮುಟ್ಟಬಾರದು.

ಹಸಿರುದಾರಿ

ಎಲ್ಲರೂ ಹೋಗಿ ಎನ್ನುತ್ತಿರುವಾಗ ಭಿನ್ನಾಭಿಪ್ರಾಯ ಹೇಳುವುದಕ್ಕೆ ಕ್ಷಮೆಯಿರಲಿ. ಅದು ವಸ್ತುಸಂಗ್ರಹಾಲಯವಲ್ಲ, ಜನ ವಾಸಿಸುವ ಮನೆ. ವಯಸ್ಸಾದ ದಂಪತಿಗಳು ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುವ ಹೊತ್ತಿನಲ್ಲಿ ಟುಕ್ ಟುಕ್ ಬಂದು ನಿಲ್ಲುತ್ತದೆ, ಅಪರಿಚಿತರು ಇಳಿಯುತ್ತಾರೆ, ಮಲಗುವ ಕೋಣೆಯವರೆಗೂ ಕ್ಯಾಮೆರಾ ಹಿಡಿದು ನುಗ್ಗುತ್ತಾರೆ. ನಮ್ಮ ಹಳ್ಳಿಯ ಮನೆಗೆ ಹೀಗೆ ದಿನಕ್ಕೆ ಹತ್ತು ಗುಂಪು ಬಂದರೆ ನಾವು ಒಪ್ಪುತ್ತೇವೆಯೇ? ಹಣ ಕೊಡುತ್ತೇವೆ ಎಂಬ ಒಂದೇ ಕಾರಣಕ್ಕೆ ಇನ್ನೊಬ್ಬರ ಮನೆಯ ಒಳಕೋಣೆಯನ್ನು ನೋಡುವ ಹಕ್ಕು ನಮಗೆ ಬರುವುದಿಲ್ಲ. ಅಪ್ಸರಾ ಪ್ರಾಧಿಕಾರ ಎಂಬ ಸರ್ಕಾರಿ ಸಂಸ್ಥೆಯ ಆಡಳಿತದಲ್ಲಿರುವ ಆಂಕೋರ್ ಪುರಾತತ್ವ ಉದ್ಯಾನದೊಳಗೇ ಅನೇಕ ಹಳ್ಳಿಗಳಿವೆ, ಅಲ್ಲಿ ಹೊಸ ಮನೆಗಳಿಗೂ ಸಾಂಪ್ರದಾಯಿಕ ರೂಪವೇ ಇರಬೇಕೆಂಬ ನಿಬಂಧನೆಯಿದೆ. ದೇವಾಲಯಗಳಿಗೆ ಹೋಗುವ ದಾರಿಯಲ್ಲಿಯೇ ಅವು ಹೊರಗಿನಿಂದ ಚೆನ್ನಾಗಿ ಕಾಣುತ್ತವೆ. ಅಷ್ಟು ಸಾಲದೇ?

ಶಾಸನಾಸಕ್ತೆ

ಹಸಿರುದಾರಿ ಅವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೂ ಹೊರಗಿನಿಂದ ನೋಡಿದರೆ ಸಾಕು ಎಂಬ ಮಾತನ್ನು ಒಪ್ಪಲಾರೆ. ಅದಕ್ಕೆ ನನ್ನಲ್ಲಿ ಎರಡು ಕಾರಣಗಳಿವೆ, ಎರಡೂ ಇತಿಹಾಸಕ್ಕೆ ಸಂಬಂಧಿಸಿದವು.

ಆಂಕೋರ್‌ನಲ್ಲಿ ನಾವು ನೋಡುವ ಕಲ್ಲಿನ ಕಟ್ಟಡಗಳೆಲ್ಲ ಬಹುಮಟ್ಟಿಗೆ ದೇವರ ಮನೆಗಳು. ಮನುಷ್ಯರು ವಾಸಿಸಿದ್ದು ಮರದಲ್ಲಿ, ಅರಸರೂ ಹಾಗೆಯೇ. ಅರಸರ ಕೋಟೆನಗರವಾಗಿದ್ದ ಆಂಕೋರ್ ಥೋಮ್‌ನ ಅರಮನೆಯ ಆವರಣಕ್ಕೆ ಹೋದರೆ ಫಿಮೆಯಾನಕಾಸ್ ಎಂಬ ದೇವಾಲಯ, ಕಲ್ಲಿನ ಕೊಳಗಳು, ಆನೆಗಳ ಉಬ್ಬುಶಿಲ್ಪದ ಜಗತಿ ಉಳಿದಿವೆ, ಅರಮನೆ ಮಾತ್ರ ಇಲ್ಲ. 1296ರಲ್ಲಿ ಚೀನಾದ ನಿಯೋಗದೊಡನೆ ಬಂದು ಸುಮಾರು ಒಂದು ವರ್ಷ ಆಂಕೋರ್‌ನಲ್ಲಿದ್ದ ಝೌ ದಾಗ್ವಾನ್ ಎಂಬಾತ ಅಲ್ಲಿನ ಮನೆಗಳ ಬಗ್ಗೆ ಬರೆದಿಟ್ಟಿದ್ದಾನೆ. ದೊಡ್ಡ ಅಧಿಕಾರಿಗಳ ಮನೆಯಲ್ಲಿಯೂ ಕುಲದೇವರ ಗುಡಿಗೆ ಮತ್ತು ಮುಖ್ಯ ಕೋಣೆಗೆ ಮಾತ್ರ ಹೆಂಚು, ಉಳಿದುದಕ್ಕೆ ಹುಲ್ಲು. ಮನೆಯ ಗಾತ್ರ ಪದವಿಗೆ ತಕ್ಕಂತೆ. ಸಾಮಾನ್ಯರು ಎಷ್ಟೇ ಸ್ಥಿತಿವಂತರಾದರೂ ಹೆಂಚು ಹೊದಿಸುವ ಧೈರ್ಯ ಮಾಡುತ್ತಿರಲಿಲ್ಲ ಎಂದು ಅವನ ವರದಿ. 2012ರಲ್ಲಿ ಹೆಲಿಕಾಪ್ಟರಿನಿಂದ ಲೇಸರ್ ಕಿರಣ ಹಾಯಿಸಿ ನೆಲದ ಏರಿಳಿತಗಳನ್ನು ಅಳೆದಾಗ, ಕಾಡಿನ ಅಡಿಯಲ್ಲಿ ಬೀದಿಗಳ ಜಾಲ, ಮನೆಗಳ ದಿಬ್ಬಗಳು, ಅವುಗಳ ಪಕ್ಕದ ಕೊಳಗಳು ಸಾಲುಸಾಲಾಗಿ ಕಂಡುಬಂದವು. ಆಂಕೋರ್ ವಾಟ್‌ನ ಪ್ರಾಕಾರದೊಳಗೂ ಅಂತಹ ದಿಬ್ಬಗಳಿವೆ. ದಿಬ್ಬ ಉಳಿದಿದೆ, ಅದರ ಮೇಲಿನ ಮನೆ ಉಳಿದಿಲ್ಲ. ಬಯೋನ್‌ನ ಭಿತ್ತಿಶಿಲ್ಪಗಳಲ್ಲಿ ಅಡುಗೆ ಮಾಡುವವರು, ಮಾರುಕಟ್ಟೆಯ ಹೆಂಗಸರು, ಕೋಳಿ ಅಂಕದ ಸುತ್ತ ನೆರೆದ ಜನ ಕಾಣುತ್ತಾರೆ. ಅವರು ರಾತ್ರಿ ಎಲ್ಲಿ ಮಲಗುತ್ತಿದ್ದರು ಎಂಬುದನ್ನು ಊಹಿಸಿಕೊಳ್ಳಲು ಇಂದು ಇರುವ ಅತ್ಯಂತ ಹತ್ತಿರದ ಆಧಾರವೆಂದರೆ ಇಂತಹ ಮನೆ. ಏಳು ನೂರು ವರ್ಷಗಳಲ್ಲಿ ಬಹಳಷ್ಟು ಬದಲಾಗಿರುತ್ತದೆ, ನಿಜ. ಆದರೂ ಆ ಮನೆಯ ನೆಲದ ಮೇಲೆ ಒಮ್ಮೆ ಕುಳಿತು ಬಂದರೆ ಆಂಕೋರ್‌ನ ಖಾಲಿ ಬಯಲುಗಳು ಖಾಲಿಯಾಗಿ ಕಾಣುವುದಿಲ್ಲ.

ಎರಡನೆಯ ಕಾರಣ ಇನ್ನೂ ಹತ್ತಿರದ ಕಾಲದ್ದು. 1975ರ ಏಪ್ರಿಲ್ 17ರಂದು ಪೋಲ್ ಪಾಟ್ ನೇತೃತ್ವದ ಕಮ್ಯುನಿಸ್ಟರಾದ ಖ್ಮೇರ್ ರೂಜ್ ಪಡೆಗಳು ರಾಜಧಾನಿ ನೋಮ್ ಪೆನ್ ನಗರವನ್ನು ವಶಪಡಿಸಿಕೊಂಡು ಜನರನ್ನೆಲ್ಲ ಹೊರಗಟ್ಟಿದವು, ಅದರ ಬೆನ್ನಲ್ಲೇ ಬಟ್ಟಂಬಾಂಗ್ ಕೂಡ ಖಾಲಿಯಾಯಿತು. ಮೂರು ವರ್ಷ ಎಂಟು ತಿಂಗಳಲ್ಲಿ ಸುಮಾರು 17 ಲಕ್ಷದಿಂದ 20 ಲಕ್ಷ ಜನ ಸತ್ತರು. ಖಾಸಗಿ ಆಸ್ತಿ ರದ್ದಾಯಿತು, ಜಮೀನಿನ ದಾಖಲೆಗಳು ನಾಶವಾದವು, ಕುಟುಂಬಗಳು ತಮ್ಮ ತಮ್ಮ ಮನೆಯಲ್ಲಿ ಅಡುಗೆ ಮಾಡಿಕೊಳ್ಳುವುದೂ ನಿಷಿದ್ಧವಾಗಿ ಎಲ್ಲರೂ ಸಾಮೂಹಿಕ ಊಟದ ಚಪ್ಪರದಲ್ಲಿ ಗಂಜಿಗಾಗಿ ಸಾಲು ನಿಂತರು. ಅಸಂಖ್ಯ ಮರದ ಮನೆಗಳನ್ನು ಬಿಚ್ಚಿ ಬೇರೆ ಕೆಲಸಕ್ಕೆ ಬಳಸಿದರು. ಕೆಲವು ದೊಡ್ಡ ಮನೆಗಳು ಉಳಿದುಕೊಂಡದ್ದು ಅವು ಉಗ್ರಾಣವಾಗಿಯೋ ಕಚೇರಿಯಾಗಿಯೋ ಉಪಯೋಗಕ್ಕೆ ಬಂದುದರಿಂದ ಮಾತ್ರ. 1979ರ ಜನವರಿಯಲ್ಲಿ ಆ ಆಡಳಿತ ಬಿದ್ದ ಮೇಲೂ ಮನೆಯ ಒಡೆತನ ತಾನಾಗಿ ಮರಳಲಿಲ್ಲ. 1979ಕ್ಕಿಂತ ಹಿಂದಿನ ಯಾವ ಒಡೆತನಕ್ಕೂ ಕಾನೂನಿನಲ್ಲಿ ಮಾನ್ಯತೆಯಿಲ್ಲ, 2001ರ ಭೂ ಕಾನೂನೂ ಇದನ್ನೇ ಹೇಳುತ್ತದೆ. 1989ರಲ್ಲಿ ಖಾಸಗಿ ಒಡೆತನಕ್ಕೆ ಮತ್ತೆ ಅವಕಾಶ ಸಿಕ್ಕಾಗ ಅದು ಸಿಕ್ಕಿದ್ದು ಆ ಹೊತ್ತಿಗೆ ಮನೆಯಲ್ಲಿ ವಾಸವಿದ್ದವರಿಗೆ. ಅಂದರೆ ಅಜ್ಜ ಕಟ್ಟಿದ ಮನೆಯಲ್ಲಿ ಇಂದು ಮೊಮ್ಮಕ್ಕಳು ಇದ್ದಾರೆಂದರೆ, ಅವರಲ್ಲಿ ಬದುಕಿ ಉಳಿದ ಯಾರೋ ಒಬ್ಬರು ಕಾಲ್ನಡಿಗೆಯಲ್ಲಿ ಮರಳಿ ಬಂದು, ಬಾಗಿಲಿಲ್ಲದ, ಸಾಮಾನಿಲ್ಲದ ಆ ಮನೆಯಲ್ಲಿ ಮತ್ತೆ ಒಲೆ ಹಚ್ಚಿದ್ದಾರೆ ಎಂದೇ ಅರ್ಥ. ಆ ಕಥೆ ಹೊರಗಿನಿಂದ ಕಾಣುವಂಥದ್ದಲ್ಲ. ಅದನ್ನು ಹೇಳಲು ಅವರು ಬಾಗಿಲು ತೆರೆದಿರುವಾಗ, ಕೇಳಲು ನಾವು ಹೋಗಬೇಕು. ನಾವಾಗಿ ಆ ವರ್ಷಗಳ ಬಗ್ಗೆ ಪ್ರಶ್ನೆ ಕೇಳಬಾರದು, ಅವರಾಗಿ ಹೇಳಿದರೆ ನಡುವೆ ಮಾತನಾಡದೆ ಕೇಳಬೇಕು.

ಕರಾವಳಿಯವ

ನಮ್ಮ ಮಣಿಪಾಲದ ಹೆರಿಟೇಜ್ ವಿಲೇಜ್ ನೋಡಿದವರು ಇಲ್ಲಿ ಹಲವರು ಇರಬಹುದು. ದಿವಂಗತ ವಿಜಯನಾಥ ಶೆಣೈಯವರು ಕೆಡವಲು ಹೊರಟ ಹಳೆಯ ಮನೆಗಳನ್ನು ಬೇರೆ ಬೇರೆ ಕಡೆಗಳಿಂದ ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಅವರು ಹಾಗೆ ಮಾಡದಿದ್ದರೆ ಆ ಮನೆಗಳ ಒಂದು ಕಂಬವೂ ಇಂದು ಇರುತ್ತಿರಲಿಲ್ಲ. ಆದ್ದರಿಂದ ಮನೆಯನ್ನು ಅದರ ಜಾಗದಿಂದ ಕಿತ್ತರೆ ಅದು ಸತ್ತಂತೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಖ್ಮೇರ್ ಮನೆಯ ವಿಷಯದಲ್ಲಂತೂ ಸ್ಥಳಾಂತರ ಹೊರಗಿನಿಂದ ಬಂದ ಪದ್ಧತಿಯೇ ಅಲ್ಲ. ಕೂಡು, ಕಚ್ಚು, ಬೆಣೆಗಳಿಂದ ಜೋಡಿಸಿದ ಚೌಕಟ್ಟಾದ್ದರಿಂದ ಅವರು ಮನೆಯನ್ನು ಬಿಚ್ಚಿ ಇನ್ನೊಂದು ಊರಿಗೆ ಒಯ್ಯುವುದು, ಮಾರುವುದು, ಕೊಳ್ಳುವುದು ಹಿಂದಿನಿಂದಲೂ ಇದೆ. ಚಿಕ್ಕ ಮನೆಯಾದರೆ ಊರವರೆಲ್ಲ ಸೇರಿ ಇಡಿಯಾಗಿಯೇ ಹೆಗಲ ಮೇಲೆ ಹೊತ್ತು ಒಯ್ಯುತ್ತಾರೆ. ಸಿಯೆಮ್ ರೀಪ್‌ನ ಕೆಲವು ವಸತಿಗೃಹಗಳು ಹೀಗೆಯೇ ಹಳ್ಳಿಗಳಿಂದ ಹಳೆಯ ಮನೆಗಳನ್ನು ಕೊಂಡು ತಂದು, ಒಳಗೆ ಹವಾನಿಯಂತ್ರಣ ಹಾಕಿ ಬಾಡಿಗೆಗೆ ಕೊಡುತ್ತವೆ. ಅತ್ತೆಯವರಿಗೆ ದೂರದ ಪ್ರಯಾಣ ಕಷ್ಟವಾದರೆ ಅಂತಹ ಕಡೆ ಒಂದು ರಾತ್ರಿ ತಂಗಿ ಮನೆಯ ಮರಗೆಲಸವನ್ನು ನಿಧಾನವಾಗಿ ನೋಡಬಹುದಲ್ಲವೇ ಎಂಬುದು ನನ್ನ ಸಲಹೆ.

ತೊಲೆಕಂಬ

ಕರಾವಳಿಯವರೇ, ಮರಗೆಲಸ ನೋಡಲು ನಿಮ್ಮ ಸಲಹೆ ಸರಿಯಾಗಿಯೇ ಇದೆ. ಆದರೆ ಮನೆಯನ್ನು ಒಯ್ದಾಗ ಅದರ ದಿಕ್ಕು, ಕೆಳಗಿನ ಬಳಕೆ, ಹಿತ್ತಿಲು, ನೀರಿನೊಡನೆ ಅದಕ್ಕಿರುವ ಸಂಬಂಧ ಇವೆಲ್ಲ ಕಳಚಿಹೋಗುತ್ತವೆ. ಹೋಟೆಲಿನವರು ಕಂಬಗಳ ನಡುವಿನ ಜಾಗಕ್ಕೆ ಗೋಡೆ ಕಟ್ಟಿ ಸ್ನಾನದ ಮನೆ ಮಾಡಿದರೆ, ಆ ಮನೆಯ ಅರ್ಧ ಬದುಕು ಅಲ್ಲಿಗೆ ಮುಗಿಯಿತು. ವಿಷಾದದ ಸಂಗತಿಯೆಂದರೆ ಹಳ್ಳಿಗಳಲ್ಲಿಯೂ ಈಗ ಅದೇ ನಡೆಯುತ್ತಿದೆ. ಕೆಳಭಾಗಕ್ಕೆ ಇಟ್ಟಿಗೆ ಗೋಡೆ ಕಟ್ಟಿಕೊಳ್ಳುತ್ತಾರೆ, ಹೆಂಚಿನ ಬದಲು ತಗಡು ಹಾಕುತ್ತಾರೆ, ಮರದ ಕಂಬದ ಬದಲು ಕಾಂಕ್ರೀಟಿನದು ನಿಲ್ಲಿಸುತ್ತಾರೆ. ಅವರನ್ನು ದೂರುವಂತಿಲ್ಲ, ಏಕೆಂದರೆ ಹಳೆಯ ಮನೆಗೆ ಬೇಕಾದ ಮರ ಇಂದು ಸಿಗುವುದೇ ಇಲ್ಲ. ಕಾಂಬೋಡಿಯಾದ ಬೀಟೆ ಜಾತಿಯ ಮರಗಳಿಗೆ ಹೊರದೇಶಗಳಲ್ಲಿ ಎಷ್ಟು ಬೇಡಿಕೆ ಬಂದಿತೆಂದರೆ, 2013ರಲ್ಲಿ ಅವುಗಳಲ್ಲಿ ಮುಖ್ಯವಾದ ಒಂದು ಜಾತಿಯನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ಕಾಡಿನ ಮರ ಮುಗಿದಂತೆ ಹಳೆಯ ಮನೆಯ ಮರಕ್ಕೇ ಬೆಲೆ ಏರುತ್ತದೆ. ನೂರು ವರ್ಷದ ಮನೆಯನ್ನು ಮಾರಿದರೆ ಬರುವ ಹಣ, ಅದನ್ನು ಉಳಿಸಿಕೊಳ್ಳಲು ಪ್ರತಿ ವರ್ಷ ಆಗುವ ಖರ್ಚು, ಇವೆರಡರ ನಡುವೆ ನಿಂತ ಒಂದು ಕುಟುಂಬ ಮಾರುವುದಿಲ್ಲ ಎಂದು ನಿರ್ಧರಿಸಿದಾಗ, ನೋಡಲು ಬಂದವರು ಕೊಡುವ ಕಾಣಿಕೆ ಒಡೆದ ಹೆಂಚಿನ ಬದಲು ಹೊಸ ಹೆಂಚು ತರುತ್ತದೆ. ಹಸಿರುದಾರಿಯವರ ಆಕ್ಷೇಪಕ್ಕೆ ನನ್ನ ಉತ್ತರವೂ ಇದೇ.

ತುಂಗಾತೀರ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹೋಗುವುದೆಂದು ತೀರ್ಮಾನಿಸಿದ್ದೇವೆ, ಬಟ್ಟಂಬಾಂಗ್‌ನಲ್ಲಿ ಒಂದು ರಾತ್ರಿ ತಂಗುತ್ತೇವೆ. ಈಗ ಉಳಿದಿರುವುದು ಕೆಲವು ವ್ಯಾವಹಾರಿಕ ಪ್ರಶ್ನೆಗಳು. ಅತ್ತೆಯವರಿಗೆ ಮಂಡಿನೋವಿದೆ, ಆ ಮೆಟ್ಟಿಲು ಹತ್ತಬಲ್ಲರೇ? ಕಾಣಿಕೆಯನ್ನು ಹೇಗೆ ಕೊಡಬೇಕು? ಮನೆಯವರು ಊಟಕ್ಕೆ ಒತ್ತಾಯ ಮಾಡಿದರೆ, ಸಸ್ಯಾಹಾರಿಗಳಾದ ನಾವು ಅವರ ಮನ ನೋಯದಂತೆ ಏನು ಹೇಳಬೇಕು?

ಸಿಂಗಪುರದಿಂದ

ಮೆಟ್ಟಿಲುಗಳು ಕಡಿದಾಗಿರುತ್ತವೆ, ಹಿಡಿದುಕೊಳ್ಳಲು ಕೈಪಿಡಿ ಇರುತ್ತದೆ. ಏರುವುದಕ್ಕಿಂತ ಇಳಿಯುವುದೇ ಅತ್ತೆಯವರಿಗೆ ಕಷ್ಟವಾದೀತು. ಅವರು ಮೇಲೆ ಬರಲಾಗದಿದ್ದರೂ ಕೊರಗಬೇಕಾಗಿಲ್ಲ. ಕೆಳಗಿನ ಮಂಚದ ಮೇಲೆ ಮನೆಯ ಅಜ್ಜಿಯೊಡನೆ ಕೂರಲಿ. ಆ ಜಾಗ ಮನೆಯ ಹಗಲಿನ ಹಜಾರವಾದ್ದರಿಂದ ಅವರು ಕಳೆದುಕೊಳ್ಳುವುದು ಬಹಳವಿಲ್ಲ. ಭಾಷೆ ಬಾರದಿದ್ದರೂ ಇಬ್ಬರು ಹಿರಿಯ ಹೆಂಗಸರು ಅಡಕೆ ವೀಳ್ಯದೆಲೆಯ ತಟ್ಟೆಯ ಮುಂದೆ ಕುಳಿತರೆ ಮಾತು ಹೇಗೋ ಸಾಗುತ್ತದೆ. ಎಲೆ ಅಡಕೆ ಹಾಕುವ ಅಭ್ಯಾಸ ಅಲ್ಲಿನ ಹಳ್ಳಿಯ ಅಜ್ಜಿಯರಲ್ಲಿ ಇನ್ನೂ ಉಳಿದಿದೆ.

ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ, ಇಲ್ಲವೇ ಮಧ್ಯಾಹ್ನ ಮೂರರ ನಂತರ ಹೋಗಿ, ನಡುವಿನ ಹೊತ್ತು ಮನೆಯವರ ಊಟ ಮತ್ತು ವಿಶ್ರಾಂತಿಗೆ ಬಿಡಿ. ತಂಗುವ ಕಡೆಯವರಿಂದ ಮುಂಚಿತವಾಗಿ ಫೋನ್ ಮಾಡಿಸುವುದು ಒಳ್ಳೆಯದು. ಸಾಧ್ಯವಾದರೆ ಖ್ಮೇರ್ ಬಲ್ಲ ಸ್ಥಳೀಯ ಮಾರ್ಗದರ್ಶಕರನ್ನು ಕರೆದುಕೊಂಡು ಹೋಗಿ, ಏಕೆಂದರೆ ಅವರಿಲ್ಲದಿದ್ದರೆ ನೋಟ ಸಿಗುತ್ತದೆ, ಕಥೆ ಸಿಗುವುದಿಲ್ಲ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಇರಲಿ. ಎರಡೂ ಕೈ ಜೋಡಿಸಿ ತಲೆ ಬಾಗುವ ‘ಸಂಪೆಹ್’ ನಮ್ಮ ನಮಸ್ಕಾರದಂತೆಯೇ ಇದೆ, ಹಿರಿಯರಿಗೆ ಮಾಡುವಾಗ ಜೋಡಿಸಿದ ಕೈ ಇನ್ನಷ್ಟು ಮೇಲಕ್ಕೆ ಬರಬೇಕು ಅಷ್ಟೆ. ನೆಲದ ಮೇಲೆ ಕೂರುವಾಗ ಪಾದಗಳು ಬುದ್ಧನ ಪೀಠದ ಕಡೆಗಾಗಲಿ ಹಿರಿಯರ ಕಡೆಗಾಗಲಿ ಚಾಚಿರಬಾರದು. ಮಕ್ಕಳ ತಲೆಯನ್ನು ಮುದ್ದಿಗಾದರೂ ಸವರಬಾರದು. ಮಲಗುವ ಕೋಣೆಯ ಬಾಗಿಲಲ್ಲಿ ಅವರಾಗಿ ಒಳಗೆ ಕರೆಯುವ ತನಕ ನಿಲ್ಲಿ, ಛಾಯಾಚಿತ್ರಕ್ಕೆ ಪ್ರತಿ ಸಲವೂ ಕೇಳಿ.

ಕಾಣಿಕೆಯನ್ನು ಪೆಟ್ಟಿಗೆ ಇದ್ದರೆ ಅದರಲ್ಲಿ ಹಾಕಿ, ಇಲ್ಲದಿದ್ದರೆ ಹೊರಡುವ ಮುನ್ನ ಮನೆಯ ಹಿರಿಯರಿಗೆ ಎರಡು ಕೈಗಳಿಂದ ಕೊಡಿ. ಅಲ್ಲಿ ಡಾಲರ್ ಮತ್ತು ರಿಯಲ್ ಎರಡೂ ನಡೆಯುತ್ತವೆ, ಒಂದು ಡಾಲರಿಗೆ ಸುಮಾರು 4000 ರಿಯಲ್. ಹರಿದ, ಮಸಿ ಬಿದ್ದ ಡಾಲರ್ ನೋಟನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಗರಿಯಾದ ಸಣ್ಣ ನೋಟುಗಳನ್ನು ತೆಗೆದಿಡಿ. ಆಂಕೋರ್‌ನ ಒಂದು ದಿನದ ಟಿಕೆಟ್ಟಿಗೆ 37 ಡಾಲರ್ ಕೊಡುವ ನಾವು, ಒಂದು ಕುಟುಂಬ ಗಂಟೆಗಟ್ಟಲೆ ತನ್ನ ಮನೆ ತೋರಿಸಿದಾಗ ಒಂದು ಡಾಲರಿಗೆ ಲೆಕ್ಕ ಹಾಕಬಾರದು ಎಂಬುದು ನನ್ನ ನಂಬಿಕೆ.

ಊಟದ ವಿಷಯದಲ್ಲಿ ಎಚ್ಚರ ಬೇಕು. ಪ್ರಹೊಕ್ ಎಂಬ ಹುಳಿಸಿದ ಮೀನಿನ ಗೊಜ್ಜು ಮತ್ತು ಮೀನಿನ ಸಾರ ಅವರ ಅಡುಗೆಯಲ್ಲಿ ಉಪ್ಪಿನಷ್ಟೇ ಸಹಜವಾಗಿ ಸೇರುತ್ತವೆ, ತರಕಾರಿಯ ಪಲ್ಯದಲ್ಲಿಯೂ ಅವು ಇರಬಹುದು. ನೀವು ಮೀನನ್ನೂ ತಿನ್ನುವುದಿಲ್ಲವೆಂದು ಮಾರ್ಗದರ್ಶಕರ ಮೂಲಕ ಮೊದಲೇ ತಿಳಿಸಿ. ಹಿತ್ತಿಲಿನ ಹಣ್ಣು, ಎಳನೀರು, ತಾಳೆ ಬೆಲ್ಲ ಕೊಟ್ಟರೆ ಸಂತೋಷದಿಂದ ಸ್ವೀಕರಿಸಿ. ಏನನ್ನೂ ಮುಟ್ಟದೆ ಹೊರಟರೆ ಮಾತ್ರ ಅವರ ಮನಸ್ಸಿಗೆ ನೋವಾದೀತು.

ಹಸಿರುದಾರಿ

ಶಾಸನಾಸಕ್ತೆಯವರೂ ತೊಲೆಕಂಬದವರೂ ಬರೆದುದನ್ನು ಎರಡು ಸಲ ಓದಿದೆ. ಒಡೆತನದ ಕಾನೂನಿನ ಸಂಗತಿ ನನಗೆ ತಿಳಿದಿರಲಿಲ್ಲ. ಮನೆಯವರೇ ಬಾಗಿಲು ತೆರೆದಿರುವಾಗ, ಹೇಳಿ ಕೇಳಿ, ಹೊತ್ತು ನೋಡಿ ಹೋಗುವುದಕ್ಕೆ ನನ್ನ ವಿರೋಧವಿಲ್ಲ. ದೊಡ್ಡ ಬಸ್ಸುಗಳಲ್ಲಿ ಬಂದು ಹದಿನೈದು ನಿಮಿಷದಲ್ಲಿ ಹೊರಡುವ ಗುಂಪು ಪ್ರವಾಸಗಳ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ. ಹಳೆಯ ತೊಲೆಗಳ ಮೇಲೆ ಒಮ್ಮೆಗೇ ನಲವತ್ತು ಜನ ನಿಲ್ಲುವುದು ಮನೆಗೂ ಒಳ್ಳೆಯದಲ್ಲ.

ಶಾಸನಾಸಕ್ತೆ

ಒಂದು ಸೇರ್ಪಡೆ. ನಿಮಗೆ ಸಮಯವಿದ್ದರೆ, ಬಟ್ಟಂಬಾಂಗ್‌ಗೆ ಹೋಗುವ ಮೊದಲು ಸಿಯೆಮ್ ರೀಪ್ ಬಳಿ ಟೋನ್ಲೆ ಸಾಪ್ ಸರೋವರದ ದಂಡೆಯಲ್ಲಿರುವ ಕಂಪೊಂಗ್ ಖ್ಲಿಯಾಂಗ್ ಊರನ್ನು ನೋಡಿ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿದಾಗ ಟೋನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿದು, ಬೇಸಗೆಯಲ್ಲಿ ಸುಮಾರು 2500 ಚದರ ಕಿಲೋಮೀಟರ್ ಇರುವ ಸರೋವರ ಅದರ ನಾಲ್ಕೈದು ಪಟ್ಟು ಹಿಗ್ಗುತ್ತದೆ. ಆ ದಂಡೆಯ ಮನೆಗಳ ಕಂಬಗಳು ಎಂಟು ಹತ್ತು ಮೀಟರ್ ಎತ್ತರ. ಡಿಸೆಂಬರಿನಲ್ಲಿ ನೀರು ಇಳಿಯುತ್ತಿರುತ್ತದೆ, ಕಂಬಗಳ ಮೇಲೆ ನೀರು ನಿಂತಿದ್ದ ಗುರುತು ಕಾಣುತ್ತದೆ. ವಾಟ್ ಕೋರ್‌ನ ಮನೆಯನ್ನು ಆಳೆತ್ತರಕ್ಕೆ ಏರಿಸಿದ್ದು ಏಕೆ ಎಂದು ಆಮೇಲೆ ಯಾರೂ ವಿವರಿಸಬೇಕಾಗಿಲ್ಲ.

ತೊಲೆಕಂಬ

ಮಗಳಿಗೆ ಒಂದು ಮಾತು. ಅಳತೆಪಟ್ಟಿ ತೆಗೆಯುವ ಮೊದಲು ಮನೆಯವರ ಅನುಮತಿ ಪಡೆಯಲಿ. ಎಲ್ಲವನ್ನೂ ಅಳೆಯಲು ಹೋಗದೆ, ಒಂದು ಅಂಕಣವನ್ನು ಆರಿಸಿಕೊಂಡು ಕಂಬದಿಂದ ಕಂಬಕ್ಕಿರುವ ದೂರ, ಜಗಲಿಯಿಂದ ಒಳನೆಲದ ಏರಿಕೆ, ಮಾಡಿನ ಇಳಿಜಾರು, ಕಂಬಕ್ಕೆ ತೊಲೆ ಕೂಡುವ ಕಚ್ಚು, ಇಷ್ಟನ್ನು ಕೈಯಿಂದ ಚಿತ್ರಿಸಿಕೊಳ್ಳಲಿ. ಅಡುಗೆಮನೆಯನ್ನು ಮರೆಯದೆ ನೋಡಲಿ, ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬರುವುದು ಅದನ್ನೇ. ಬಿಡಿಸಿದ ಚಿತ್ರದ ಒಂದು ಪ್ರತಿಯನ್ನು ಊರಿಗೆ ಮರಳಿದ ಮೇಲೆ ಆ ಮನೆಯವರಿಗೆ ಕಳುಹಿಸಿಕೊಡಲಿ. ಮಾಡು ರಿಪೇರಿ ಮಾಡಿಸುವ ದಿನ ಅದು ಅವರ ಬಡಗಿಗೆ ಬೇಕಾಗುತ್ತದೆ.